ಭಾವನ ಇಂಗ್ಲಿಷ್ ಸಮಾಧಿಗಳು

ನನ್ನ ಭಾವನಿಗೆ ಸತ್ತವರ ಮೇಲಿರುವ ಪ್ರೀತಿ ಬದುಕಿರುವವರ ಮೇಲಿಲ್ಲ. ಸತ್ತವರಾದರೂ ಯಾರು? ಇಂಗ್ಲಿಷರು! ಅವರೂ ಮೊನ್ನೆ ನಿನ್ನೆ ಸತ್ತವರಾದರೆ ಭಾವ ತಿರುಗಿಯೂ ನೋಡುವುದಿಲ್ಲ. ಕಡಿಮೆಯೆಂದರೆ ಇನ್ನೂರು ವರ್ಷ ಮಣ್ಣಿನಡಿ ಸರ್ವಿಸ್ ಆಗಿರಬೇಕು.

ಬೇಸಗೆ ಬಂತೆಂದರೆ ದೋಹಾದಲ್ಲಿರುವ ನಮ್ಮವರೆಲ್ಲ ಸೂಟ್‌ಕೇಸ್ ತೂಕ ನೋಡಿಕೊಂಡು ಮಂಗಳೂರಿಗೆ ಓಡುತ್ತಾರೆ. ಭಾವ ಇಂಗ್ಲೆಂಡಿಗೆ. ಹೋಗಲಿ, ಲಂಡನ್ ಆದರೂ ನೋಡಿದ್ದಾರಾ? ಇಲ್ಲ ಮಾರಾಯ್ರೆ! ವಿಮಾನ ಇಳಿದವರೇ ಬಸ್ಸು ಹಿಡಿದು ಯಾವುದೋ ಮೂಲೆಯ ಹಳೇ ಪೇಟೆಗೆ ಹೋಗುತ್ತಾರೆ. ಅಲ್ಲೊಂದು ಸಂತೆ ಚೌಕ, ಸೊಂಟ ಬಾಗಿದ ಮರದ ಮನೆಗಳು, ಪಾಚಿ ಹಿಡಿದ ಇಗರ್ಜಿ ಇದ್ದರೆ ಸಾಕು. ಹೋಟೆಲಿನಲ್ಲಿ ಚೀಲ ಇಟ್ಟು ನೇರ ಸಮಾಧಿಗಳ ನಡುವೆ ನುಗ್ಗುತ್ತಾರೆ.

ದೋಹಾದ ಐನ್ ಖಾಲಿದ್‌ನ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ತೇರ್ಸ, ಅಂದರೆ ಜಪಮಾಲೆ ಪ್ರಾರ್ಥನೆ ಇರುತ್ತದೆ. ಪ್ರವಾಸ ಮುಗಿಸಿ ಭಾವ ಬಂದ ತಿಂಗಳು ಮಕ್ಕಳೆಲ್ಲ ಚಾಕಲೇಟಿಗೆ ಕಾದು ಕೂತಿದ್ದರು. ಭಾವ ಚೀಲದಿಂದ ಫೋನ್ ತೆಗೆದು, ಉಣ್ಣೆ ಮಾರಿ ಶ್ರೀಮಂತನಾದ ಒಬ್ಬನ ಸಮಾಧಿಯ ಫೋಟೋ ತೋರಿಸಿದರು. ಅವನಿಗೆ ಇಬ್ಬರು ಹೆಂಡಿರಂತೆ, ಇಬ್ಬರೂ ಅಕ್ಕಪಕ್ಕ ಮಲಗಿದ್ದಾರಂತೆ.

"ಅಂಕಲ್, ಚಾಕಲೇಟ್?" ಎಂದಳು ನನ್ನ ಮಗಳು.

"ಅವನ ಕಾಲದಲ್ಲಿ ಚಾಕಲೇಟ್ ಇರಲಿಲ್ಲ ಮಗಾ!"

ಇಂಥವರಿಗೆ ಏನು ಹೇಳುವುದು? ನಾನೇ ಅಂಗಡಿಗೆ ಓಡಿ ಮಕ್ಕಳ ಬಾಯಿ ಮುಚ್ಚಿಸಬೇಕಾಯಿತು.

ಈ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಭಾವನ ಕೈಹಿಡಿದ ನನ್ನ ಅಕ್ಕ ಇಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಭಾವನೇ ಪೆಟ್ಟಿಗೆಯ ಜೊತೆ ಊರಿಗೆ ಹೋಗಿ ಮಣ್ಣು ಕೊಟ್ಟು ಬಂದರು. ಆಮೇಲೆ ಊರಿನ ಕಡೆ ಮುಖ ಹಾಕಲಿಲ್ಲ. ಅಕ್ಕನ ತವರೂ ಗಂಡನ ಮನೆಯೂ ಒಂದೇ ಇಗರ್ಜಿಗೆ ಸೇರಿದವು. ಆ ಇಗರ್ಜಿಯ ಸ್ಮಶಾನ ಚಿಕ್ಕದು, ಸಾಯುವವರು ಧಾರಾಳ! ಅದಕ್ಕೇ ಅಲ್ಲಿ ಸಮಾಧಿ ಕೆಲವು ವರ್ಷಕ್ಕೆ ಮಾತ್ರ. ಆಮೇಲೆ ತೆರೆದು, ಎಲುಬುಗಳನ್ನು ಮೂಲೆಯಲ್ಲಿರುವ ಎಲುಬಿನ ಬಾವಿಗೆ ಇಳಿಸಿ, ಗುಂಡಿಯನ್ನು ಮುಂದಿನವರಿಗೆ ಬಿಟ್ಟುಕೊಡಬೇಕು. ನಮ್ಮ ಹಿರಿಯರೆಲ್ಲ ಸೇರಿದ್ದು ಆ ಬಾವಿಗೇ. ಭಾವನಿಗೂ ಇದು ಗೊತ್ತಿದ್ದದ್ದೇ. ಆದರೆ ಅಕ್ಕನಿಗೂ ಸರದಿ ಬರುತ್ತದೆ ಎಂಬುದನ್ನು ಅವರಿಂದ ತಡೆದುಕೊಳ್ಳಲಿಕ್ಕೆ ಆಗಲಿಲ್ಲ.

"ಅವಳ ಹೆಸರು ಬರೆದ ಜಾಗ ಅದೊಂದೇ ಇರುದು. ಅದನ್ನೂ ಅಗೀತಾರಾ? ಇಂಗ್ಲೆಂಡಿನಲ್ಲಿ ನೋಡು, ಮಲಗಿದವರನ್ನು ಯಾರೂ ಎಬ್ಬಿಸುದಿಲ್ಲ!" ಎನ್ನುತ್ತಿದ್ದರು.

ಒಂದು ಸಲ ಅಂಥದ್ದೇ ಒಂದು ಪೇಟೆಯಲ್ಲಿ ಕಲ್ಲಿನ ಮೇಲಿನ ಹೆಸರು ಪಾಚಿಯಲ್ಲಿ ಮುಚ್ಚಿತ್ತಂತೆ. ಭಾವ ಹೋಟೆಲಿಗೆ ಹೋಗಿ ತಮ್ಮ ಹಲ್ಲುಜ್ಜುವ ಬ್ರಷ್ ತಂದು ತಿಕ್ಕಲು ಕೂತರು. ಆ ಪೇಟೆಯ ಒಬ್ಬ ಮುದುಕಿ ದೂರದಿಂದ ನೋಡಿ, ಪಾಪ, ಮನೆಯವರೇ ಇರಬೇಕು ಅಂದುಕೊಂಡಳು. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು ಸಂತಾಪ ಹೇಳಿದಳು. ಮುನ್ನೂರು ವರ್ಷದ ಹಿಂದೆ ಸತ್ತ ಬಿಳಿಯನಿಗೆ ಬಂಟ್ವಾಳ ಕಡೆಯ ವಾರಸುದಾರ!

"ನೀವು ಎಂತ ಹೇಳಿದಿರಿ ಭಾವ?"

"ಥ್ಯಾಂಕ್ಸ್ ಅಂದೆ. ಮತ್ತೆ ಅಳು ಬಂತು ಮಾರಾಯ್ತಿ. ತುಂಬಾ ಅತ್ತೆ. ಪಾಪ ಅವಳು ಚಹಾ ಮಾಡಿ ಕೊಟ್ಟಳು."

ನಾನು ಹೊಟ್ಟೆ ಹಿಡಿದು ನಕ್ಕೆ. ಭಾವ ನಗಲಿಲ್ಲ. ಅಕ್ಕನ ಮಣ್ಣಿನ ದಿನ ಈ ಮನುಷ್ಯನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ ಎಂಬುದು ಆಗ ನೆನಪಾಗಿ, ನನ್ನ ನಗು ಅಲ್ಲೇ ನಿಂತಿತು.

ದೋಹಾದಲ್ಲೂ ಇವರಿಗೆ ಚರಿತ್ರೆಯದ್ದೇ ಚಿಂತೆ. ವೆಸ್ಟ್ ಬೇಯಲ್ಲಿ ಇವರ ಆಫೀಸು. ಅಲ್ಲಿಯ ಯಾವ ಟವರ್ ತೋರಿಸಿದರೂ "ಇದು ನನ್ನ ನಂತರ ಬಂದದ್ದು" ಎನ್ನುತ್ತಾರೆ. "ಹಾಗಾದರೆ ಇಲ್ಲಿಯ ಅತಿ ಹಳೆಯ ಸ್ಮಾರಕ ನೀವೇ ಭಾವ!" ಎಂದು ನಾನು ಕೆಣಕುವುದುಂಟು. ಅಲ್ ಸದ್ದ್‌ನಲ್ಲಿ ಅಕ್ಕನೂ ಅವರೂ ಇದ್ದ ಹಳೇ ಬಿಲ್ಡಿಂಗ್ ಕೆಡವಿ ಈಗ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಒಮ್ಮೆ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸುಡು ಬಿಸಿಲಲ್ಲಿ ನಿಲ್ಲಿಸಿ, ಗೈಡ್‌ನ ಹಾಗೆ ಕೈ ಚಾಚಿದರು. "ಇದು ಹಾಲ್. ಆ ಬಿಳಿ ಲ್ಯಾಂಡ್ ಕ್ರೂಸರ್ ಉಂಟಲ್ಲ, ಅದು ಅಡುಗೆಮನೆ." ಅಷ್ಟರಲ್ಲಿ ಆ ಅಡುಗೆಮನೆಯ ಮಾಲೀಕ ಬಂದು "ಯಲ್ಲಾ, ಯಲ್ಲಾ" ಎಂದು ನಮ್ಮನ್ನು ಓಡಿಸಿ, ಗಾಡಿ ಸ್ಟಾರ್ಟ್ ಮಾಡಿ ಹೊರಟುಹೋದ.

ಈ ವರ್ಷ ಭಾವ ಯಥಾಪ್ರಕಾರ ಜೂನ್‌ನಲ್ಲೇ ರಜೆಯನ್ನೆಲ್ಲ ಇಂಗ್ಲೆಂಡಿನಲ್ಲಿ ಖರ್ಚು ಮಾಡಿ ಬಂದರು. ಸೆಪ್ಟೆಂಬರಿನಲ್ಲಿ ಊರಿನಿಂದ ನನ್ನ ತಮ್ಮ ಫೋನ್ ಮಾಡಿದ. ಅಕ್ಕನ ಸಾಲಿನ ಸಮಾಧಿಗಳನ್ನು ತೆರೆಯುತ್ತಾರೆ, ಮನೆಯವರು ಬರಬೇಕೆಂದು ಇಗರ್ಜಿಯ ಪೂಜೆಯಲ್ಲಿ ಫಾದರ್ ಓದಿ ಹೇಳಿದ್ದಾರಂತೆ. ಭಾವ ರಜೆ ಕೇಳಲು ಹೋದರೆ ಮ್ಯಾನೇಜರ್ "ಲೀವ್ ಖಲಾಸ್" ಎಂದು ಕೈ ಎತ್ತಿದ. ಊರೂರಿನ ಗೋರಿ ಕಾಯಲು ರಜೆ ಇತ್ತು, ಕಟ್ಟಿಕೊಂಡವಳ ಗೋರಿಗೆ ಇಲ್ಲ! ನನಗೆ ಬಂದ ಸಿಟ್ಟಿಗೆ ನಾಲ್ಕು ಮಾತು ಬೈದೇ ಬಿಡೋಣ ಎಂದು ಹೋದೆ. ಬಾಗಿಲು ತೆರೆದ ಅವರ ಮುಖ ನೋಡಿ, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಶುಕ್ರವಾರ ಬೆಳಿಗ್ಗೆ ಅವರ ಈಗಿನ ಫ್ಲಾಟಿನಲ್ಲಿ ನಾವಿಬ್ಬರೂ ಫೋನಿನ ಮುಂದೆ ಕೂತೆವು. ಭಾವ ಕೋಟು ಹಾಕಿ, ಶೂ ಸಮೇತ ಕೂತಿದ್ದರು. ಅಲ್ಲಿ ಸ್ಮಶಾನದಲ್ಲಿ ನನ್ನ ತಮ್ಮ ವೀಡಿಯೋ ಕಾಲ್ ಹಿಡಿದಿದ್ದ. ಫಾದರ್ ಪ್ರಾರ್ಥನೆ ಮುಗಿಸಿದರು. ಅಗೆಯುವವರು ಮೇಲೆ ತಂದದ್ದನ್ನು ಬಿಳಿ ಬಟ್ಟೆಯಲ್ಲಿ ಇಟ್ಟರು. ಎಷ್ಟು ಸ್ವಲ್ಪ! ಆ ದಪ್ಪ ದೇಹದ, ಮನೆ ತುಂಬ ಓಡಾಡುತ್ತಿದ್ದ ನನ್ನ ಅಕ್ಕ ಅಷ್ಟೇನಾ? ನನಗೆ ದುಃಖ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ.

ಬಟ್ಟೆಯ ಗಂಟನ್ನು ಬಾವಿಯ ಕಟ್ಟೆಯ ಮೇಲಿಟ್ಟು, "ಇಳಿಸಲಾ?" ಎಂದು ಯಾರೋ ಕೇಳಿದರು.

"ಸ್ವಲ್ಪ ನಿಲ್ಲಿ," ಎಂದರು ಭಾವ. ಫೋನನ್ನು ಎರಡೂ ಕೈಯಲ್ಲಿ ಹತ್ತಿರ ಹಿಡಿದು, "ಹೆದರಬೇಡ ಆಯ್ತಾ, ನಿನ್ನ ಅಮ್ಮ ಕೆಳಗೆ ಇದ್ದಾರೆ," ಎಂದರು. ಆಮೇಲೆ ತಲೆ ಆಡಿಸಿದರು. ಗಂಟು ಇಳಿಯಿತು.

ಮತ್ತೆ ಭಾವನೇ ಕೇಳಿದರು:

"ಆ ಬಾವಿ ತುಂಬಿ ಹೋಗುದಿಲ್ಲ ಅಲ್ವಾ?"

"ಇಲ್ಲ ಭಾವ, ತುಂಬಾ ಆಳ ಉಂಟು," ಎಂದ ತಮ್ಮ.

"ಹಾಗಾದರೆ ನನ್ನನ್ನೂ ಅಲ್ಲಿಗೇ ಹಾಕಿ. ಅಷ್ಟು ಜನರ ನಡುವೆಯೂ ಅವಳನ್ನು ಹುಡುಕಲಿಕ್ಕೆ ಕಷ್ಟ ಆಗ್ಲಿಕ್ಕಿಲ್ಲ. ಮಾತಾಡ್ತಾ ಇರ್ತಾಳಲ್ಲ."