ಅಡಿ ಲೆಕ್ಕದ ರಸ್ತೆ

ನನ್ನ ಹೆಂಡತಿಯ ಬಲಗೈ ಮೂಳೆಯನ್ನು ನುಂಗಿದ ಮೇಲೂ ನಮ್ಮ ಬೀದಿಯ ಗುಂಡಿಗೆ ಹೊಟ್ಟೆ ತುಂಬಲಿಲ್ಲ. ಶಿರಾ ಗೇಟ್ ಹತ್ತಿರದ ಈ ಬೀದಿಯಲ್ಲಿ ನಾನು, ಅಂದರೆ ಹೈಸ್ಕೂಲು ಕನ್ನಡ ಮೇಷ್ಟ್ರು ಷಡಕ್ಷರಿ, ಉಮಾಮಹೇಶ್ವರಿಯನ್ನು ಸ್ಕೂಟರಿನಿಂದ ಕೆಡವಿದೆ. (ಕೆಡವಿದ್ದು ಗುಂಡಿ ಎಂಬುದು ನನ್ನ ವಾದ. ಅವಳು ಇನ್ನೂ ಒಪ್ಪಿಲ್ಲ.) ಕೈಯೊಳಗೆ ರಾಡು ಕೂರಿಸಿದರು. ಚಳಿ ಬಿದ್ದರೆ ಅದು ಕೊರೆಯುತ್ತದೆ, ಅವಳು ನರಳುತ್ತಾಳೆ. ತೆಗೆಸಲೆಂದು ದುಡ್ಡು ಕೂಡಿಡುತ್ತಿದ್ದೆವು.

ಅಷ್ಟರಲ್ಲಿ ಎದುರುಮನೆ ವೆಂಕಟಯ್ಯನವರಿಗೆ ಎದೆನೋವು ಬಂತು. ಆಂಬುಲೆನ್ಸಿನವನು ನಮ್ಮ ಬೀದಿಯ ಕೆಸರು ನೋಡಿ ಮೇನ್ ರೋಡಿನಲ್ಲೇ ನಿಂತ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ದಾರಿಯಲ್ಲೇ ಅವರ ತಲೆ ನನ್ನ ಭುಜಕ್ಕೆ ವಾಲಿತು. ಮತ್ತೆ ಏಳಲಿಲ್ಲ.

ಆಮೇಲೆ ನಗರಪಾಲಿಕೆ ಕಚೇರಿಯವರು ಎಚ್ಚೆತ್ತರು. ಅರ್ಧ ಖರ್ಚು ಬೀದಿಯವರು ಕೊಟ್ಟರೆ ಉಳಿದರ್ಧ ನಾವು ಹಾಕಿ ಕಾಂಕ್ರೀಟು ಮಾಡಿಸುತ್ತೇವೆ, ನಿಮ್ಮ ಪಾಲನ್ನು ಹೇಗೆ ಹಂಚಿಕೊಳ್ಳುತ್ತೀರೋ ನೀವೇ ತೀರ್ಮಾನಿಸಿ ಎಂದರು.

ಹಾರ್ಡ್‌ವೇರ್ ಅಂಗಡಿ ಗುಂಡಯ್ಯನ ಪೋರ್ಟಿಕೋದಲ್ಲಿ ಸಭೆ ಸೇರಿತು. "ಮನೆಗಿಷ್ಟು ಅಂತ ಸಮ ಹಾಕ್ಬುಡಾಣ, ತಕರಾರೇ ಇರಲ್ಲ" ಎಂದ ಗುಂಡಯ್ಯ. ವೆಂಕಟಯ್ಯನವರ ಹೆಂಡತಿ ಕದರಮ್ಮ ಬಾಗಿಲ ಹತ್ತಿರ ತಲೆ ತಗ್ಗಿಸಿ ಕೂತಿದ್ದರು. ಅವರದು ಎರಡು ಕೋಣೆಯ ಕಿಷ್ಕಿಂಧೆ. ಗುಂಡಯ್ಯನದು ಎರಡು ಸೈಟು ಸೇರಿಸಿ ಕಟ್ಟಿದ ಸಾಮ್ರಾಜ್ಯ.

ನಾನು ಎದ್ದು ನಿಂತೆ. "ಸಮ ಅನ್ನೋದು ನ್ಯಾಯ ಅಲ್ಲ! ಯಾರ ಮನೆ ರಸ್ತೆಗೆ ಎಷ್ಟು ಅಡಿ ತಗಲುತ್ತೋ ಅಷ್ಟು ಪಾಲು!" (ಕನಿಕರ ಕದರಮ್ಮನ ಮೇಲಿತ್ತು, ನಿಜ. ಹೊಟ್ಟೆಯುರಿ ಗುಂಡಯ್ಯನ ಮೇಲೆ ಅದಕ್ಕಿಂತ ಜಾಸ್ತಿ ಇತ್ತು.) ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಡಯ್ಯನೂ ತಟ್ಟಿದ. ಅದು ನನಗೆ ಆಗಲೇ ವಿಚಿತ್ರವೆನಿಸಬೇಕಿತ್ತು.

ಮನೆಗೆ ಬರುತ್ತಲೇ ಉಮಾ ಕೇಳಿದಳು. "ರೀ, ನಮ್ದು ಮೂಲೆ ಮನೆ ಅಲ್ವೇನ್ರೀ?"

"ಆದ್ರೇನೇ? ನಮ್ ಗೇಟ್ ಇರೋದು ಈ ಕಡೆ. ಆ ಕಡೆ ಬರೀ ಕಾಂಪೌಂಡ್ ಗೋಡೆ. ಗೋಡೆ ಏನ್ ರಸ್ತೇಲಿ ಓಡಾಡುತ್ತಾ?"

ಮರುದಿನ ಎಂಜಿನಿಯರ್ ಬಂದರು. ಟೇಪಿನ ತುದಿ ಹಿಡಿಯಲು ಗುಂಡಯ್ಯ ಸ್ವಯಂಸೇವಕನಾಗಿ ನಿಂತ. ಟೇಪು ನಮ್ಮ ಮನೆಯ ಮುಂಭಾಗ ಅಳೆಯಿತು, ಮೂಲೆಯಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ನಿಧಾನವಾಗಿ ಬಲಕ್ಕೆ ತಿರುಗಿತು.

"ಮುಂದಿನದು, ಪಕ್ಕದ್ದು ಎರಡೂ ರಸ್ತೆ ಒಂದೇ ಕೆಲಸ ಸಾರ್. ಗೋಡೆನೂ ಸೇರುತ್ತೆ" ಎಂದರು ಎಂಜಿನಿಯರ್. ಗುಂಡಯ್ಯನದಕ್ಕಿಂತಲೂ ಹೆಚ್ಚಾಗಿ, ಇಡೀ ಬೀದಿಯಲ್ಲಿ ನನ್ನ ಪಾಲೇ ದೊಡ್ಡದಾಯಿತು. ಅಷ್ಟು ಕೊಡಬೇಕಾದರೆ ರಾಡು ತೆಗೆಸುವ ಆಪರೇಷನ್ ದುಡ್ಡಿಗೇ ಕೈ ಹಾಕಬೇಕಿತ್ತು.

"ಹೋಗಿ ಮಾತು ವಾಪಸ್ ತಗೊಳ್ಳಿ. ನಾನೂ ಬರ್ತೀನಿ ನಡೀರಿ" ಎಂದಳು ಉಮಾ.

ಗುಂಡಯ್ಯ ತನ್ನ ಪೋರ್ಟಿಕೋದಲ್ಲಿ ನಮಗಾಗಿಯೇ ಕಾಯುತ್ತಿದ್ದಂತಿತ್ತು. "ಅದಕ್ಕೇನ್ ಮೇಷ್ಟ್ರೇ, ಸಮ ಹಾಕ್ಬುಡಾಣ. ನೀವೊಂದ್ ಮಾತು ಹೇಳಿ, ಸಾಕು." ಅಷ್ಟರಲ್ಲಿ ಕದರಮ್ಮ ಗುಂಡಯ್ಯನಿಗೆ ಕೊಡಲು ತಮ್ಮ ಪಾಲಿನ ದುಡ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಒಳಗೆ ಬಂದರು. ನನ್ನನ್ನು ಕಂಡು ಕೈ ಮುಗಿದರು.

"ನೀವ್ ಆವತ್ತು ಹೇಳ್ದೆ ಇದ್ರೆ ನಾನ್ ಮನೆ ಬುಟ್ಟು ಹೋಗ್ಬೇಕಾಗಿತ್ತು ಮೇಷ್ಟ್ರೇ. ಅವ್ರನ್ನ ಹೊತ್ಕೊಂಡೋಗಿದ್ದೂ ನೀವೇಯ."

ಉಮಾ ನನ್ನನ್ನು ನೋಡಲಿಲ್ಲ, ಕದರಮ್ಮನ ಸೆರಗಿನ ಗಂಟನ್ನೇ ನೋಡುತ್ತಿದ್ದಳು. ಆಮೇಲೆ ಅವಳೇ ಹೇಳಿದಳು. "ಕೆಲಸ ಯಾವತ್ತು ಶುರು ಅಂತ ಕೇಳೋಕೆ ಬಂದ್ವಿ ಗುಂಡಯ್ಯನೋರೇ."

ಇಬ್ಬರೂ ಮನೆಗೆ ವಾಪಸ್ ಬಂದೆವು. ಗೇಟಿನ ಹತ್ತಿರ ನಾನೇ ಧೈರ್ಯ ಮಾಡಿದೆ. "ಉಮಾ, ಆಪರೇಷನ್ನು..."

"ಮುಂದಿನ ವರ್ಷ. ಅಲ್ಲೀವರ್ಗೂ ಈ ಕೈಲಿ ಮುದ್ದೆ ತಿರುವೋಕಾಗಲ್ಲ, ಬಟ್ಟೆ ಹಿಂಡೋಕಾಗಲ್ಲ" ಎಂದು ಅವಳು ಎಡಗೈಯಿಂದ ಬಾಗಿಲು ತೆಗೆದಳು. "ನ್ಯಾಯ ಹೇಳಿದ್ದು ನೀವು. ಒಳಗ್ ಬನ್ನಿ, ಎಸರು ಇಡಿ."