ಹಸಿರು ಚುಕ್ಕೆಯವರ ಸನ್ನಿಧಾನಕ್ಕೆ

ಮಾನ್ಯ ಹಸಿರು ಚುಕ್ಕೆಯವರೇ,

ನನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿ ವಿರಾಜಮಾನರಾಗಿ, ನಾನು ದುಡಿಯುತ್ತಿದ್ದೇನೋ ಇಲ್ಲವೋ ಎಂಬುದನ್ನು ಮೌಸಿನ ಅಲುಗಾಟದಿಂದಲೇ ಅಳೆದು ಕಂಪನಿಗೆ ವರದಿ ಒಪ್ಪಿಸುವ ತಮ್ಮ ಪಾದಗಳಿಗೆ, ಪಾದಗಳು ಇದ್ದಲ್ಲಿ, ಜೇವರ್ಗಿಯಿಂದ ಸಾಫ್ಟ್‌ವೇರ್ ಎಂಜಿನಿಯರ್ ಪಲ್ಲವಿ ಮಾಡುವ ಶರಣು ಶರಣಾರ್ಥಿಗಳು. ತಾವು ಎಣಿಸುತ್ತೀರೇ ಹೊರತು ಓದುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮೌಸ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾವು ಹಳದಿಯಾಗುತ್ತೀರಿ. ಹಳದಿ ಹೆಚ್ಚಾದರೆ ಮನೆಯಿಂದ ಕೆಲಸ ಮಾಡುವ ನನ್ನ ಅನುಮತಿ ರದ್ದಾಗಿ ಹೈದರಾಬಾದಿನ ಕಚೇರಿಗೆ ಹೋಗಿ ಕೂಡಬೇಕೆಂದು ಕಂಪನಿ ಹೇಳಿಯಾಗಿದೆ. ಯಜಮಾನರ ಮೋಟರ್ ರಿವೈಂಡಿಂಗ್ ಅಂಗಡಿ ಇಲ್ಲೇ ಬಸ್ ನಿಲ್ದಾಣದ ಹತ್ತಿರವಿದೆ, ಇದನ್ನೆಲ್ಲ ಬಿಟ್ಟು ಹೋಗಲು ನನಗೆ ಸುತರಾಂ ಮನಸ್ಸಿಲ್ಲ. ಆದರೆ ನನ್ನದೊಂದು ಕೆಟ್ಟ ಚಟವುಂಟು: ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗ ನಾನು ವಿಚಾರ ಮಾಡುತ್ತೇನೆ, ವಿಚಾರ ಮಾಡಬೇಕೆಂದರೆ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕಟ್ಟೆಯ ಮೇಲೆ ಹರಳು ಆರಿಸುತ್ತ ಕೂಡಬೇಕು.

ಕಟ್ಟೆಗೂ ಲ್ಯಾಪ್‌ಟಾಪಿಗೂ ನಾನು ಓಡಾಡುವುದನ್ನು ನೋಡಲಾಗದೆ ನಮ್ಮ ಅತ್ತೆ ಶರಣಬಸಮ್ಮನವರು, "ಓಡ್ಯಾಡಿ ಸಾಯಬ್ಯಾಡ ಬೇ, ನೀ ಬ್ಯಾಳಿ ನೋಡು, ಇದರ ಬೆನ್ನ ನಾ ತಿಕ್ತೇನಿ" ಎಂದು ಮೌಸ್ ಹಿಡಿದು ತಮ್ಮ ಸೇವೆಗೆ ನಿಂತರು. ಅಂದಿನಿಂದ ಅವರು ಟೀವಿ ನೋಡುತ್ತ ಮೌಸ್ ತಿಕ್ಕುತ್ತಾರೆ. ಇಡೀ ತಂಡವನ್ನು ಆಟವಾಡಿಸುತ್ತಿದ್ದ ಒಂದು ದೋಷ ಹೋದ ತಿಂಗಳು ನನಗೆ ಹೊಳೆದದ್ದು ಬೇಳೆ ಆರಿಸುವಾಗಲೇ. ಆ ಹೊತ್ತಿನಲ್ಲಿ ಅತ್ತೆಯವರು ಧಾರಾವಾಹಿಯ ಸೊಸೆಯನ್ನು ಬೈಯುತ್ತಿದ್ದರು, ತಾವು ಹಚ್ಚಹಸಿರಾಗಿದ್ದಿರಿ.

ಅಬ್ಬಾ, ತಮ್ಮ ನ್ಯಾಯವೇ! ದೋಷ ಹಿಡಿದದ್ದಕ್ಕೆ ಯಾರೂ ಹೂಂ ಅನ್ನಲಿಲ್ಲ, ಮೌಸ್ ಅಲುಗಿದ್ದಕ್ಕೆ ಮಾತ್ರ ನಾನು ಕಂಪನಿಯ 'ಅತ್ಯಂತ ಏಕಾಗ್ರ ಉದ್ಯೋಗಿ' ಎಂದು ಆಯ್ಕೆಯಾಗಿದ್ದೇನೆ, ಸೋಮವಾರ ಅದರ ಗುಟ್ಟನ್ನು ಎಲ್ಲರಿಗೂ ವಿವರಿಸಬೇಕಂತೆ. ಕರ್ಮ! ನಿಜ ಹೇಳಿದರೆ ಹೈದರಾಬಾದು, ಸುಳ್ಳು ಹೇಳಲು ನಾಲಿಗೆ ಹೊರಳದು. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಮೊರಕ್ಕೂ ಒಂದು ಹಸಿರು ಚುಕ್ಕೆ ದಯಪಾಲಿಸಬೇಕು, ಆಗದಿದ್ದರೆ ಪ್ರಶಸ್ತಿಯನ್ನು ಶರಣಬಸಮ್ಮನವರ ಹೆಸರಿಗೆ ವರ್ಗಾಯಿಸಬೇಕು, ಅದೂ ಆಗದಿದ್ದರೆ ಸೋಮವಾರ ಒಂದು ತಾಸು ಇಡೀ ಕಂಪನಿಗೇ ಹಳದಿಯಾಗಿ ಎಲ್ಲರಿಗೂ ವಿಚಾರ ಮಾಡಲು ಬಿಡಬೇಕು ಎಂದು ಕೈಮುಗಿದು ಬೇಡುತ್ತೇನೆ.

ಬೆಳಗಿನಿಂದ ಅತ್ತೆಯ ಕೃಪೆಯಿಂದ ಹಸಿರಾಗಿರುವ,
ತಮ್ಮ ವಿಶ್ವಾಸಿ,
ಪಲ್ಲವಿ, ಜೇವರ್ಗಿ

ತಾ.ಕ.: ಅತ್ತೆಯವರು ಬರುವ ವಾರ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಸರಸಂಬಾಕ್ಕೆ ಹೊರಟಿದ್ದು, "ರಜಾ ಯಾರಿಗಿ ಕೇಳಬೇಕವ್ವಾ?" ಎಂದು ವಿಚಾರಿಸುತ್ತಿದ್ದಾರೆ. ಅವರು ತಿರುಗಿ ಬರುವವರೆಗೆ ತಮ್ಮ ಮುಂದೆ ಕೂತು ಮೌಸ್ ತಿಕ್ಕುವ ಪಾಳಿ ನನ್ನದೇ. ತಾವು ಹಸಿರಾಗಿಯೇ ಇರುತ್ತೀರಿ, ಚಿಂತೆ ಬೇಡ. ಆ ದಿನಗಳಲ್ಲಿ ಕೆಲಸವೇನೂ ಆಗುವುದಿಲ್ಲ ಎಂಬುದನ್ನಷ್ಟು ಕಂಪನಿಗೆ ತಿಳಿಸಿಬಿಡಿ.