ಮೀಸೆ ಹಕ್ಕಿ

ಮೀಸೆಯೇ ಇಲ್ಲದವರು ಮೀಸೆ ತಿರುವುವುದನ್ನು ನೋಡಬೇಕೆಂಬ ಆಸೆ ನಿಮಗಿದ್ದರೆ, ಆ ವಾರ ಕನ್ನಡಕದ ಅಂಗಡಿಯವರ ಮನೆಗೆ ಹೋಗಬೇಕಿತ್ತು. ಮುಖವನ್ನು ಕನ್ನಡಿಯಂತೆ ನುಣ್ಣಗೆ ಬೋಳಿಸಿಕೊಂಡಿದ್ದ ಆ ಮಹಾನುಭಾವರು ಊಟದ ಮೇಜಿನ ಮುಂದೆ ಕುಳಿತು, ಮೇಲ್ದುಟಿಯ ಮೇಲಿನ ಬರಿಯ ಗಾಳಿಯನ್ನು ಎರಡು ಬೆರಳಿನಿಂದ ಹುರಿ ಮಾಡುತ್ತಿದ್ದರು. ಕಾರಣವಿತ್ತು. ಲೋಕದಲ್ಲಿ ಯಾರ ಕಣ್ಣಿಗೂ ಬೀಳದ ಮೀಸೆಯೊಂದು ಅವರ ಕಣ್ಣಿಗೆ ಬಿದ್ದಿತ್ತು. ಅದೂ ಒಂದು ಹಕ್ಕಿಯ ಮೀಸೆ.

ಅಂಗಡಿಯ ಚಿಲ್ಲರೆಗೆಂದು ಅವರು ಬ್ಯಾಂಕಿನಿಂದ ತರುತ್ತಿದ್ದ ನಾಣ್ಯಗಳು ಕಾಗದದ ಸುರುಳಿಯಲ್ಲಿ ಬರುತ್ತಿದ್ದವು. ಟಂಕಸಾಲೆಯಿಂದ ನೇರವಾಗಿ ಬಂದವು, ಯಾರ ಜೇಬನ್ನೂ ಕಾಣದವು. ಊರಿನ ನಾಣ್ಯ ಸಂಘಕ್ಕೆ ಸೇರಿದ ಮೇಲೆ ಅವರಿಗೆ ಜ್ಞಾನೋದಯವಾಯಿತು: ಹೊಸ ನಾಣ್ಯಗಳಿಗೂ ಜಾತಕವಿದೆ. ಯಂತ್ರದಿಂದ ಚೀಲಕ್ಕೆ ಬೀಳುವಾಗ ಒಂದಕ್ಕೊಂದು ಡಿಕ್ಕಿ ಹೊಡೆದು ಗಾಯವಾಗುತ್ತದೆ. ಸುರುಳಿಯ ತುದಿಯಲ್ಲಿರುವುದು ಕಾಗದಕ್ಕೆ ಅಂಟಿ ಮುಖ ಕಪ್ಪಿಡುತ್ತದೆ. ಅಚ್ಚು ಸರಿಯಾಗಿ ಒತ್ತದಿದ್ದರೆ ನಾಣ್ಯದ ಮೇಲಿನ ಹಕ್ಕಿಯ ಎದೆಯ ಗರಿಯೇ ಮೂಡುವುದಿಲ್ಲ. ಓರೆ ಹಿಡಿದಾಗ ಹೊಳಪು ಚಕ್ರದಂತೆ ಸುತ್ತಬೇಕು. ಅಂಚಿನಲ್ಲೊಂದು ಗೀರಿದ್ದರೆ ಕ್ಷಮಿಸಬಹುದು, ಹಕ್ಕಿಯ ಕೆನ್ನೆಯ ಮೇಲಿದ್ದರೆ ಕ್ಷಮೆಯಿಲ್ಲ.

ಅಂದಿನಿಂದ ಊಟದ ಮೇಜು ನ್ಯಾಯಾಲಯವಾಯಿತು. ನ್ಯಾಯಾಧೀಶರು ಹತ್ತಿಯ ಕೈಗವಸು ತೊಟ್ಟು, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು, ಸ್ಟ್ಯಾಂಡಿನ ಭೂತಗನ್ನಡಿಯ ಕೆಳಗೆ ಹಕ್ಕಿಯ ತಲೆ ಮೇಲೆ ಬರುವಂತೆ ನೆಟ್ಟಗೆ ಇಡುತ್ತಿದ್ದರು. (ಪಕ್ಷಿರಾಜನನ್ನು ಅಡ್ಡ ಮಲಗಿಸಿ ನೋಡುವುದು ಅಗೌರವ ಎಂಬುದು ಅವರ ಸ್ವಂತ ಕಾನೂನು.) ಆ ಕೋಣೆಯಲ್ಲಿ ಹೆಂಡತಿ ಕೆಮ್ಮುವಂತಿರಲಿಲ್ಲ, ಎಂಜಲು ಹಾರಿ ಹೊಳಪು ಕೆಡುತ್ತದಂತೆ. ತೀರ್ಪು ಕೊಡುವ ಚಟ ಕ್ರಮೇಣ ಲೋಟ, ತಟ್ಟೆ, ದಿಂಬಿನ ಚೀಲಗಳಿಗೂ ಹಬ್ಬಿತು. ಕೊನೆಗೆ ಕೆಲಸ ಹುಡುಕುತ್ತ ಮನೆಯಲ್ಲೇ ಇದ್ದ ಭಾವಮೈದನನ್ನು ಅಳೆದು ನೋಡಿ, ಇವನು ಚಲಾವಣೆಗೆ ಬಾರದ ನಾಣ್ಯ ಎಂದರು.

"ನಿಮ್ಮ ಲೆಕ್ಕದಲ್ಲಿ ಅದು ಹೊಗಳಿಕೆ ತಾನೆ?" ಎಂದಳು ಹೆಂಡತಿ.

ತಾವು ತೋಡಿದ ಹಳ್ಳಕ್ಕೆ ತಾವೇ ಬಿದ್ದಾಗ ಅವರು ಗಾಜು ಒರೆಸುತ್ತಾರೆ. ಅಂದೂ ಅಂಗಿಯ ತುದಿಯಿಂದ ಭೂತಗನ್ನಡಿಯನ್ನು ಉಜ್ಜಿ ಉಜ್ಜಿ ಒರೆಸಿದರು. (ಅವರ ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದ ಫಲಕವೊಂದಿದೆ: ಗಾಜನ್ನು ಅಂಗಿಯ ತುದಿಯಿಂದ ಒರೆಸುವವರು ತಮ್ಮ ಕಣ್ಣಿಗೆ ತಾವೇ ಶತ್ರುಗಳು. ಬರೆಸಿದವರು ಅವರೇ.)

ಒರೆಸಿದ್ದೇ ತಡ, ಮುಂದಿನ ಸುರುಳಿಯಲ್ಲಿ ಪವಾಡ ನಡೆಯಿತು. ಹಕ್ಕಿಯ ಕೊಕ್ಕಿನ ಕೆಳಗೆ ಕೂದಲೆಳೆಯಷ್ಟು ಸಣ್ಣ, ಬಾಗಿದ ಗೆರೆ. ಎರಡನೆಯ ನಾಣ್ಯದಲ್ಲೂ ಅದೇ ಗೆರೆ, ಅದೇ ಜಾಗ. ಮೂರನೆಯದರಲ್ಲೂ. ಡಿಕ್ಕಿಯ ಗಾಯವಾಗಿದ್ದರೆ ಒಂದೊಂದಕ್ಕೆ ಒಂದೊಂದು ಕಡೆ ಇರಬೇಕಿತ್ತು. ಎಲ್ಲಕ್ಕೂ ಒಂದೇ ಕಡೆ ಎಂದರೆ ಟಂಕಸಾಲೆಯ ಅಚ್ಚೇ ಬಿರುಕು ಬಿಟ್ಟಿದೆ ಎಂದರ್ಥ. ಸಂಘದವರು ಜೀವಮಾನವೆಲ್ಲ ಹುಡುಕಿದರೂ ಸಿಗದ ಅಪರೂಪ. ಅದಕ್ಕೆ ಅವರು ಮೀಸೆ ಹಕ್ಕಿ ಎಂದು ನಾಮಕರಣ ಮಾಡಿದರು.

ಬೀದಿಗೆಲ್ಲ ಸುದ್ದಿಯಾಯಿತು. ಕನ್ನಡಕ ಕೊಳ್ಳಲು ಬಂದವರಿಗೆ ಅಕ್ಷರದ ಪಟ ಓದಿಸುವ ಮೊದಲು ಮೀಸೆ ಹಕ್ಕಿಯ ಚರಿತ್ರೆ ಕೇಳಿಸಲಾಯಿತು. ಸಂಘದ ವಾರ್ಷಿಕ ಪ್ರದರ್ಶನ ಹತ್ತಿರದಲ್ಲಿತ್ತು. ತೀರ್ಪುಗಾರರ ಕುರ್ಚಿಯೊಂದು ಖಾಲಿಯಿತ್ತು. ಇಂಥ ಕಣ್ಣಿರುವವರಿಗಲ್ಲದೆ ಆ ಕುರ್ಚಿ ಇನ್ನಾರಿಗೆ? ನಾಣ್ಯಗಳನ್ನು ತಾವೇ ನೋಡಿ ತೀರ್ಮಾನಿಸಲು ಸಂಘದ ಅಧ್ಯಕ್ಷರು ಭಾನುವಾರ ಮನೆಗೇ ಬರುತ್ತೇನೆಂದರು. ಕುರ್ಚಿಯ ಮೇಲೆ ಹಾಕಲು ಮೆತ್ತೆಯನ್ನು ನಮ್ಮವರು ಶನಿವಾರವೇ ಕೊಂಡು ತಂದರು.

ಅದೇ ಶನಿವಾರ ಹೆಂಡತಿ ಕೆಮ್ಮಿನ ಔಷಧಿಯ ಸೀಸೆಯ ಮೇಲಿನ ಸಣ್ಣಕ್ಷರ ಓದಲು ಭೂತಗನ್ನಡಿ ಎತ್ತಿಕೊಂಡಳು. "ರೀ, ಎರಡು ಚಮಚ ಅಂತ ಬರೆದು ಅದರ ಮೇಲೆ ಗೆರೆ ಎಳೆದಿದಾರಲ್ಲ, ಕುಡೀಬೇಕೋ ಬೇಡವೋ?" ಎಂದು ಕೇಳಿದಳು. ಇತಿಹಾಸ ನಿರ್ಮಾಣವಾಗುವ ಹೊತ್ತಿನಲ್ಲಿ ಚಮಚದ ಮಾತೇ ಎಂದು ಅವರು ಗಾಜನ್ನು ಕಿತ್ತುಕೊಂಡರು. ಅವಳು ಔಷಧಿ ಕುಡಿಯದೆ ಪಕ್ಕದ ಕೋಣೆಯಲ್ಲಿ ರಾತ್ರಿಯಿಡೀ ಕೆಮ್ಮಿದಳು.

ಭಾನುವಾರ ಅಧ್ಯಕ್ಷರು ಬಂದರು. ಮಾತು ಕಡಿಮೆ, ಜೇಬಿನಲ್ಲಿ ಸ್ವಂತ ಗಾಜು. ಸುರುಳಿಯಿಂದ ಒಂದೊಂದೇ ನಾಣ್ಯ ತೆಗೆದು ಓರೆ ಹಿಡಿದರು, ಹೊಳಪು ಸುತ್ತಿಸಿದರು, ಒಂದನ್ನು ಬಹಳ ಹೊತ್ತು ನೋಡಿ ಪಕ್ಕಕ್ಕಿಟ್ಟರು. ಮೀಸೆ ಎಲ್ಲಿ ಎಂದು ಕೇಳಿದರು.

ನಿಮ್ಮ ಗಾಜಿಗೆ ಶಕ್ತಿ ಸಾಲದು, ಅಂಗಡಿಗೆ ಬನ್ನಿ, ಒಳ್ಳೆಯದು ಕೊಡುತ್ತೇನೆ ಎಂದು ನಮ್ಮವರು ಉದಾರವಾಗಿ ನಕ್ಕರು. ಪಕ್ಕಕ್ಕಿಟ್ಟ ಆ ನಾಣ್ಯವನ್ನೇ ತಮ್ಮ ಭೂತಗನ್ನಡಿಯ ಕೆಳಗಿಟ್ಟರು. ಅಧ್ಯಕ್ಷರು ಬಗ್ಗಿ ನೋಡಿದರು. ಮೀಸೆ ಕಂಡಿತು. ನಮ್ಮವರ ಎದೆ ಅಂಗಿಯ ಗುಂಡಿಯನ್ನು ಪರೀಕ್ಷಿಸುವಷ್ಟು ಉಬ್ಬಿತು. ಆನಂದದಲ್ಲಿ ಕೈಗವಸು ಕಳಚಿದ್ದೂ ಮರೆತು, ಇಲ್ಲಿ ನೋಡಿ, ಇಲ್ಲೇ ಎಂದು ಹಕ್ಕಿಯ ಕೆನ್ನೆಯ ಮೇಲೆ ಬೆರಳನ್ನು ಒತ್ತಿಯೇ ತೋರಿಸಿದರು.

ಅಧ್ಯಕ್ಷರು ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೆಲ್ಲನೆ ತಿರುಗಿಸಿದರು. ಹಕ್ಕಿ ಅಡ್ಡ ಮಲಗಿತು. ನಂತರ ತಲೆಕೆಳಗಾಯಿತು. ಮೀಸೆ ಮಾತ್ರ ಇದ್ದಲ್ಲೇ ಇದ್ದು, ಈಗ ಹಕ್ಕಿಯ ಬಾಲದ ಕೆಳಗೆ ಶೋಭಿಸಿತು.

"ಹಕ್ಕಿ ತಿರುಗ್ತು ಸ್ವಾಮಿ," ಎಂದರು ಅವರು, "ಮೀಸೆ ತಿರುಗಲಿಲ್ಲ."

ಹೆಂಡತಿ ಔಷಧಿಯ ಸೀಸೆ ತಂದು ಗಾಜಿನ ಕೆಳಗಿಟ್ಟಳು. ಎರಡು ಚಮಚಕ್ಕೂ ಮೀಸೆ. ಗಾಜನ್ನು ಸರಿಸಿ ಬರಿಗಣ್ಣಲ್ಲಿ ನೋಡಿದಳು. ಗೆರೆಯೇ ಇಲ್ಲ. "ಭೂತಗನ್ನಡಿ ಅಂತ ಸುಮ್ಮನೆ ಕರೆದಿಲ್ಲ ಇದನ್ನ," ಎಂದು ಎರಡು ಚಮಚ ಬಗ್ಗಿಸಿಕೊಂಡು ಕುಡಿದಳು.

ನಮ್ಮವರು ತಮ್ಮ ಅಂಗಿಯ ತುದಿಯನ್ನು ನೋಡಿದರು. ಅಂಗಡಿಯ ಫಲಕ ದಪ್ಪಕ್ಷರದಲ್ಲಿ ಕಣ್ಣ ಮುಂದೆ ಬಂತು.

ಹೊರಡುವ ಮೊದಲು ಅಧ್ಯಕ್ಷರು ಸಮಾಧಾನ ಹೇಳಿದರು. ಆ ಪಕ್ಕಕ್ಕಿಟ್ಟ ನಾಣ್ಯವಿದೆಯಲ್ಲ, ಸುರುಳಿಯಲ್ಲಿ ಬಂದ ಅಷ್ಟು ನಿಷ್ಕಳಂಕ ನಾಣ್ಯವನ್ನು ತಾವು ಈವರೆಗೆ ಕಂಡಿಲ್ಲ, ಪ್ರದರ್ಶನದ ನಡುಮೇಜಿಗೆ ಯೋಗ್ಯವಾಗಿತ್ತು ಎಂದರು. ನಮ್ಮವರ ಮುಖ ಮತ್ತೆ ಅರಳಿತು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ತಿರುಗಿದರು.

"ಆಗಿತ್ತು," ಎಂದು ಅಧ್ಯಕ್ಷರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಮುಗಿಸಿದರು, "ನೀವು ಬೆರಳು ಒತ್ತೋವರೆಗೆ."

ನಮ್ಮವರು ಹೊಸ ಮೆತ್ತೆಯ ಮೇಲೆ ಕುಳಿತು ಯೋಚಿಸಿದರು. ಏನೇ ಆಗಲಿ, ಆ ಸುರುಳಿಯನ್ನು ಬ್ಯಾಂಕಿನಿಂದ ಆರಿಸಿ ತಂದವರು ಯಾರು? ಅಂಥ ನಾಣ್ಯದ ಮೇಲೆ ಮುದ್ರೆಯೊತ್ತಿದ ಬೆರಳು ಯಾರದು? ಅರಿವಿಲ್ಲದೆಯೇ ಕೈ ಮೇಲ್ದುಟಿಗೆ ಹೋಯಿತು. ಗಾಳಿ ಮತ್ತೆ ಹುರಿಯಾಗತೊಡಗಿತು.

ಹೆಂಡತಿ ಭೂತಗನ್ನಡಿಯನ್ನು ಎತ್ತಿಕೊಂಡು ಎದುರಿಗೆ ಬಂದು, ಅದನ್ನು ಅವರ ಮೂಗಿನ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಸ್ವಲ್ಪ ಮೇಲೆ ಕೆಳಗೆ ಸರಿಸಿ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದಳು.

"ಹಾಂ, ಈಗ ತಿರುವಿ," ಎಂದಳು. "ಈಗ ಕಾಣ್ತಿದೆ."